ಹಳೆಯ ಅಂಚೆಮನೆಗೆ ಹೊಸ ಕೋಣೆ

ಗಡಿನಾಡಿನ ಸಣ್ಣ ಪೇಟೆಗಳಲ್ಲಿ ತಾಲೂಕು ಕಚೇರಿಯ ಮಗ್ಗುಲಲ್ಲೋ ಕೋರ್ಟಿನ ಎದುರಿನಲ್ಲೋ ಹಳೆಯದೊಂದು ಅಂಚೆ ಕಚೇರಿ ಇಂದಿಗೂ ಕಾಣಸಿಗುವುದುಂಟು. ಕರಾವಳಿಯ ಕಡೆಯಾದರೆ ಮುರಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು. ಬಯಲುಸೀಮೆಯ ಕಡೆಯಾದರೆ ದಪ್ಪ ಕಲ್ಲಿನ ಗೋಡೆ, ಎತ್ತರದ ಕಟ್ಟೆ. ಮುಂದೊಂದು ಜಗಲಿ, ಅದರ ಕಂಬದ ಬಳಿ ಕೆಂಪು ಪೆಟ್ಟಿಗೆ, ಬಾಗಿಲ ಮೇಲೆ ಮೂರೋ ನಾಲ್ಕೋ ಲಿಪಿಗಳ ಫಲಕ. ಒಳಗೆ ಮೂರು ಕೌಂಟರುಗಳು. ಹೊರಗೆ ಮೂವತ್ತು ಜನ.

ಆ ಸಾಲಿನಲ್ಲಿ ಮಗಳ ಸುಕನ್ಯಾ ಸಮೃದ್ಧಿ ಖಾತೆಗೆ ಹಣ ಕಟ್ಟಲು ಬಂದ ತಾಯಿ ಇರುತ್ತಾಳೆ. ವಿದ್ಯಾರ್ಥಿವೇತನಕ್ಕಾಗಿ ಮಗನ ಆಧಾರ್ ಸರಿಪಡಿಸಲು ಬಂದ ತಂದೆ ಇರುತ್ತಾನೆ. ಉಳಿತಾಯದ ಬಡ್ಡಿಗೆ ಬಂದ ಅಜ್ಜ, ಕೊಲ್ಲಿಯ ದೇಶಕ್ಕೆ ಹೊರಟ ತರುಣ, ಪಾರ್ಸೆಲ್ ಹೊತ್ತು ನಿಂತ ಅಂಗಡಿಯವ ಎಲ್ಲರೂ ಅದೇ ಜಗಲಿಯಲ್ಲಿ ಕಾಯುತ್ತಾರೆ. ಮಳೆಗಾಲದಲ್ಲಿ ಅರ್ಧ ಸಾಲು ಒದ್ದೆಯಾಗುತ್ತದೆ. ಬೇಸಗೆಯಲ್ಲಿ ಅರ್ಧ ಸಾಲು ಬಿಸಿಲಿನಲ್ಲಿ ಬೇಯುತ್ತದೆ. ಆದುದರಿಂದ ಕಟ್ಟಡ ಸಾಲದು ಎಂದು ಇಲಾಖೆ ಹೇಳಿದರೆ ಆ ಮಾತು ಸುಳ್ಳಲ್ಲ. ಪ್ರಶ್ನೆ ಇರುವುದು ಮುಂದಿನ ಹೆಜ್ಜೆಯಲ್ಲಿ.

ಇಲಾಖೆಯ ಮುಂದೆ ಸಾಮಾನ್ಯವಾಗಿ ಮೂರು ದಾರಿಗಳಿರುತ್ತವೆ. ಹಳತನ್ನು ಕೆಡವಿ ಹೊಸದನ್ನು ಕಟ್ಟುವುದು ಒಂದು. ಪೇಟೆಯ ಹೊರಗೆ ಬಾಡಿಗೆ ಕಟ್ಟಡಕ್ಕೆ ಹೋಗುವುದು ಇನ್ನೊಂದು. ಇರುವ ಕಟ್ಟಡವನ್ನೇ ವಿಸ್ತರಿಸುವುದು ಮೂರನೆಯದು. ಮೂರನೆಯ ದಾರಿ ನಿಧಾನವಾದುದು, ಲೆಕ್ಕಾಚಾರ ಬೇಡುವುದು. ಆದರೆ ಊರಿಗೆ ಲಾಭವಿರುವುದು ಹೆಚ್ಚಾಗಿ ಅದರಲ್ಲಿಯೇ. ಹಿಂದೆ ಬೆಳೆಸಿ ಮುಂದನ್ನು ಉಳಿಸಬೇಕು. ಬೆಳೆಸುವ ಮೊದಲು ಊರನ್ನು ಕೇಳಬೇಕು. ಗಡಿನಾಡ ಕನ್ನಡಿಗರ ಮಟ್ಟಿಗೆ ಆ ‘ಮುಂದು’ ಎಂಬುದರಲ್ಲಿ ಗೋಡೆ, ಕಂಬಗಳ ಜೊತೆಗೆ ಫಲಕದ ಮೇಲಿನ ಕನ್ನಡವೂ ಸೇರಿದೆ.

ಅಂಚೆ ಎಂಬ ಹಳೆಯ ಮಾತು

ಅಂಚೆ ಎಂಬ ಹೆಸರು ಬ್ರಿಟಿಷರ ಕಾಲದ ಕಟ್ಟಡಗಳಿಗಿಂತ ಹಳೆಯದು. ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, ಅಂದರೆ 17ನೆಯ ಶತಮಾನದ ಕೊನೆಯ ಭಾಗದಲ್ಲಿ, ಅಂಚೆಯ ವ್ಯವಸ್ಥೆ ರೂಪುಗೊಂಡಿತು. ಅದು 1889ರಲ್ಲಿ ಬ್ರಿಟಿಷ್ ಭಾರತದ ಅಂಚೆಯೊಡನೆ ಸೇರಿತು. ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳಲ್ಲಿ ಇದೇ ಮಾತು ‘ಅಂಚಲ್’ ಎಂಬ ರೂಪದಲ್ಲಿ ಬಳಕೆಯಲ್ಲಿತ್ತು. ಅಲ್ಲಿಯ ಅಂಚಲ್ ಸೇವೆ 1951ರಲ್ಲಿ ಭಾರತದ ಅಂಚೆಯಲ್ಲಿ ವಿಲೀನವಾಯಿತು. ಹೀಗೆ ಕನ್ನಡ, ಮಲಯಾಳ ಎರಡೂ ನುಡಿಗಳು ಕಾಗದ ಸಾಗಿಸುವ ಕೆಲಸಕ್ಕೆ ಒಂದೇ ಬಗೆಯ ಹೆಸರಿಟ್ಟುಕೊಂಡಿದ್ದುವು ಎಂಬುದನ್ನು ಕಾಸರಗೋಡಿನ ಮಕ್ಕಳು ತಿಳಿದಿರಬೇಕು.

ಇಡೀ ದೇಶಕ್ಕೆ ಒಂದೇ ದರದ ಅಂಚೆಚೀಟಿ ಬಂದುದು 1854ರಲ್ಲಿ. ಮನಿಯಾರ್ಡರು 1880ರಲ್ಲಿ, ಅಂಚೆ ಉಳಿತಾಯ ಬ್ಯಾಂಕು 1882ರಲ್ಲಿ, ಅಂಚೆ ಜೀವವಿಮೆ 1884ರಲ್ಲಿ ಆರಂಭವಾದುವು. ಕಾಗದ ಹಂಚುವ ಕಚೇರಿ ಕೆಲವೇ ವರ್ಷಗಳಲ್ಲಿ ಹಣ ಕಾಯುವ ಕಚೇರಿಯೂ ಆಯಿತು. ಆ ಕಾಲದ ಅಂಚೆ ಕಟ್ಟಡಗಳಲ್ಲಿ ಗಟ್ಟಿಯಾದ ಖಜಾನೆ ಕೋಣೆ, ಕಬ್ಬಿಣದ ಸರಳಿನ ಕಿಟಕಿ, ಹಿಂಬದಿಯಲ್ಲಿ ಪೋಸ್ಟ್ ಮಾಸ್ತರರ ವಸತಿ ಇರುತ್ತಿದ್ದುದಕ್ಕೆ ಕಾರಣ ಇದೇ. ಅಂಚೆ ಕಟ್ಟಡವೆಂದರೆ ಹಿಂದಿನಿಂದಲೂ ಕೆಲಸ ಹೆಚ್ಚಿದಂತೆ ಕೋಣೆ ಸೇರಿಸಿಕೊಂಡು ಬೆಳೆದ ಕಟ್ಟಡ. ವಿಸ್ತರಣೆ ಅದಕ್ಕೆ ಹೊಸತಲ್ಲ.

ಈ ಕಟ್ಟಡಗಳು ನಿಂತಲ್ಲೇ ನಿಂತಿರುವಾಗ ಗಡಿಗಳು ಸರಿದವು. ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು 1953ರಲ್ಲಿ ಆಂಧ್ರಕ್ಕೆ ಸೇರಿದವು. ಕಾಸರಗೋಡು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಸೊಲ್ಲಾಪುರ ಮುಂಬಯಿ ಪ್ರಾಂತದಲ್ಲಿದ್ದುದು 1960ರಲ್ಲಿ ಮಹಾರಾಷ್ಟ್ರದ್ದಾಯಿತು. 1972ರ ಆಗಸ್ಟ್ 15ರಂದು ಪಿನ್ ಕೋಡ್ ಬಂದಾಗ ಈ ಹಂಚಿಕೆ ಅಂಕಿಗಳಲ್ಲಿಯೂ ಮೂಡಿತು. ಕರ್ನಾಟಕದ ಪಿನ್ 5ರಿಂದ ಮೊದಲಾಗುತ್ತದೆ. ಆಂಧ್ರ, ತೆಲಂಗಾಣಗಳದೂ 5 ಆದುದರಿಂದ ಆದೋನಿ, ಮಡಕಶಿರಾಗಳ ಕನ್ನಡಿಗರು ಆ ಒಂದು ಅಂಕಿಯನ್ನು ಕರ್ನಾಟಕದೊಡನೆ ಹಂಚಿಕೊಂಡಿದ್ದಾರೆ. ಕಾಸರಗೋಡಿನದು 6, ಹೊಸೂರು ತಾಳವಾಡಿಗಳದೂ 6, ಸೊಲ್ಲಾಪುರದ್ದೂ ಗೋವೆಯದೂ 4. ಅಂಕಿ ಬದಲಾಯಿತು, ಮೇಲಧಿಕಾರಿಗಳ ಊರು ಬದಲಾಯಿತು; ಆದರೆ ಕಾಗದದ ಮೇಲೆ ಕನ್ನಡದಲ್ಲಿ ವಿಳಾಸ ಬರೆಯುವ ಮನೆಗಳು ಬದಲಾಗಲಿಲ್ಲ. ಹಳೆಯ ಅಂಚೆಮನೆ ಗಡಿನಾಡಿಗೆ ಮುಖ್ಯವಾಗುವುದು ಈ ಕಾರಣದಿಂದ. ಗಡಿ ಸರಿಯುವ ಮೊದಲೂ ಆಮೇಲೂ ಒಂದೇ ಬಾಗಿಲಿನಿಂದ ಒಂದೇ ಜನರಿಗೆ ಸೇವೆ ಕೊಟ್ಟ ಸರಕಾರಿ ಕಟ್ಟಡಗಳು ಈ ಊರುಗಳಲ್ಲಿ ಹೆಚ್ಚಿಲ್ಲ.

ಜಾಗ ಸಾಲದಾದುದು ಹೇಗೆ

ಕಾಗದ ಬರೆಯುವವರು ಕಡಿಮೆಯಾದ ಕಾಲದಲ್ಲಿ ಅಂಚೆ ಕಚೇರಿಗೆ ಜಾಗವೇಕೆ ಎಂದು ಕೇಳುವವರಿದ್ದಾರೆ. ಕಾಗದ ಕಡಿಮೆಯಾಗಿದೆ, ಕೆಲಸ ಕಡಿಮೆಯಾಗಿಲ್ಲ. ಸುಕನ್ಯಾ ಸಮೃದ್ಧಿ ಯೋಜನೆ ಬಂದುದು 2015ರ ಜನವರಿಯಲ್ಲಿ. ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕು ದೇಶವ್ಯಾಪಿಯಾಗಿ ತೆರೆದುದು 2018ರ ಸೆಪ್ಟೆಂಬರ್ 1ರಂದು. ಪ್ರಧಾನ ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಸೇವೆ ಕೊಡುವ ಪ್ರಯೋಗ 2017ರ ಜನವರಿ 25ರಂದು ಮೈಸೂರು ಮತ್ತು ಗುಜರಾತಿನ ದಾಹೋದಿನಲ್ಲಿ ಮೊದಲಾಯಿತು. ಇಂದು ಕಾಸರಗೋಡು, ಸೊಲ್ಲಾಪುರಗಳಲ್ಲಿಯೂ ಅಂತಹ ಕೇಂದ್ರಗಳಿವೆ. ಆಧಾರ್ ಯಂತ್ರಕ್ಕೆ ಒಂದು ಮೂಲೆ ಬೇಕು, ಬೆರಳಚ್ಚು ತೆಗೆಯುವಲ್ಲಿ ಬೆಳಕು ಬೇಕು, ಪಾಸ್‌ಪೋರ್ಟಿನ ಕಾಗದಪತ್ರ ನೋಡುವಲ್ಲಿ ಮೇಜು ಬೇಕು, ಕಾಯುವವರಿಗೆ ಬೆಂಚು ಬೇಕು. ಇವಕ್ಕೆಲ್ಲ ಮಿಗಿಲಾಗಿ ಅಂತರ್ಜಾಲದ ವ್ಯಾಪಾರದಿಂದ ಪಾರ್ಸೆಲುಗಳು ಹೆಚ್ಚಿವೆ. ಸಾವಿರ ಕಾಗದ ಒಂದು ಚೀಲದಲ್ಲಿ ಅಡಗುತ್ತಿದ್ದುವು; ಐವತ್ತು ಪೆಟ್ಟಿಗೆಗಳಿಗೆ ಒಂದು ಕೋಣೆಯೇ ಬೇಕಾಗುತ್ತದೆ.

ಇನ್ನೊಂದು ಕಡೆ, ಹಳೆಯ ಕೆಲಸಗಳು ಬಿಟ್ಟುಹೋದ ಜಾಗವೂ ಇದೆ. ಅಂಚೆ ಮತ್ತು ತಂತಿ ಒಂದೇ ಇಲಾಖೆಯಾಗಿದ್ದುದು 1985ರಲ್ಲಿ ಬೇರೆಯಾದುವು. ತಂತಿ ಸೇವೆಯೇ 2013ರ ಜುಲೈ 15ರಿಂದ ನಿಂತಿತು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ವಿಲೀನವಾಗಿದೆ. ಅನೇಕ ಹಳೆಯ ಕಟ್ಟಡಗಳಲ್ಲಿ ತಂತಿಯ ಕೋಣೆ, ಕಾಗದ ವಿಂಗಡಿಸುತ್ತಿದ್ದ ಪಡಸಾಲೆ, ಯಾರೂ ವಾಸಿಸದ ಮಾಸ್ತರರ ವಸತಿ ಮುರಿದ ಕುರ್ಚಿಗಳಿಗೂ ಹಳೆಯ ಕಡತಗಳಿಗೂ ಮೀಸಲಾಗಿ ಬೀಗ ಹಾಕಿಸಿಕೊಂಡು ಕುಳಿತಿರುತ್ತವೆ. ಹೊಸ ಗೋಡೆ ಎಬ್ಬಿಸುವ ಮೊದಲು ಹಳೆಯ ಬೀಗ ತೆಗೆದು ನೋಡಬೇಕು. ವಿಸ್ತರಣೆಯ ಮೊದಲ ಕೆಲಸ ಅಡಿಪಾಯ ಅಗೆಯುವುದಲ್ಲ, ಕೋಣೆ ಎಣಿಸುವುದು. ಎಷ್ಟು ಚದರಡಿ ಇದೆ, ಅದರಲ್ಲಿ ಎಷ್ಟು ಕೆಲಸಕ್ಕೆ ಬರುತ್ತಿದೆ, ಎಷ್ಟು ಸೋರುತ್ತಿದೆ ಎಂಬ ಲೆಕ್ಕ ಸಿಗದೆ ಎಷ್ಟು ಕಟ್ಟಬೇಕು ಎಂಬ ಲೆಕ್ಕ ಸಿಗುವುದಿಲ್ಲ.

ರೈನ್‌ಬೆಕ್ಕಿನ ಕಲ್ಲುಗಳು

ಸಣ್ಣ ಊರಿನ ಹಳೆಯ ಅಂಚೆ ಕಚೇರಿಯ ಪ್ರಶ್ನೆಯನ್ನು ನೂರಾರು ಕಡೆ ಎದುರಿಸಿ, ಅದಕ್ಕೊಂದು ಕ್ರಮವನ್ನು ಮಾಡಿಕೊಂಡ ದೇಶ ಅಮೆರಿಕ. ಅಲ್ಲಿಯ ಅನುಭವ ಗಡಿನಾಡಿಗೆ ಉಪಯೋಗವಾಗಬಲ್ಲುದು.

1930ರ ದಶಕದ ಆರ್ಥಿಕ ಕುಸಿತದಲ್ಲಿ ಕೆಲಸವಿಲ್ಲದವರಿಗೆ ಕೆಲಸ ಕೊಡಬೇಕೆಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಸರಕಾರ ದೇಶದುದ್ದಕ್ಕೂ ಸಾವಿರಕ್ಕೂ ಹೆಚ್ಚು ಅಂಚೆ ಕಚೇರಿಗಳನ್ನು ಕಟ್ಟಿಸಿತು. ಬಹುಪಾಲು ಕಟ್ಟಡಗಳು ಸಣ್ಣ ಊರುಗಳಲ್ಲಿದ್ದುವು. ಎಷ್ಟೋ ಕಡೆ ಒಳಗೋಡೆಗಳ ಮೇಲೆ ಆಯಾ ಊರಿನ ಕಥೆಯನ್ನು ಚಿತ್ರಿಸಲು ಕಲಾವಿದರನ್ನು ನೇಮಿಸಲಾಯಿತು. ಬ್ಯಾಂಕಿಗೆ ಹೋಗಲು ಹಣ ಬೇಕು, ಕೋರ್ಟಿಗೆ ಹೋಗಲು ವ್ಯಾಜ್ಯ ಬೇಕು. ಬಡವನೂ ಶ್ರೀಮಂತನೂ ಕಾರಣ ಹೇಳದೆ ಒಳಬರುವ ಸರಕಾರಿ ಕಟ್ಟಡ ಅಂಚೆಯದು. ಆದುದರಿಂದ ಅದು ಚೆನ್ನಾಗಿರಬೇಕೆಂಬುದು ಆ ಕಾಲದ ಭಾವನೆ.

ನ್ಯೂಯಾರ್ಕ್ ರಾಜ್ಯದ ಡಚೆಸ್ ಕೌಂಟಿ ರೂಸ್‌ವೆಲ್ಟರ ತವರು. ಅಲ್ಲಿಯ ರೈನ್‌ಬೆಕ್ ಎಂಬ ಸಣ್ಣ ಊರಿಗೆ ಹೊಸ ಅಂಚೆ ಕಚೇರಿ ಬೇಕಾದಾಗ ಅದು ಆ ನಾಡಿನ ಹಳೆಯ ಡಚ್ ಮನೆಗಳ ರೀತಿಯಲ್ಲಿ ಒರಟು ಕಲ್ಲಿನಲ್ಲಿಯೇ ಇರಬೇಕೆಂದು ಅವರು ಪಟ್ಟುಹಿಡಿದರು. 1700ರ ಸುಮಾರಿಗೆ ಕಟ್ಟಿ, 1910ರಲ್ಲಿ ಬೆಂಕಿಗೆ ಆಹುತಿಯಾದ ಹಳೆಯ ಮನೆಯೊಂದು ಅದಕ್ಕೆ ಮಾದರಿಯಾಯಿತು. ಆ ಮನೆಯ ಅವಶೇಷದ ಕಲ್ಲುಗಳನ್ನೇ ತಂದು ಹೊಸ ಗೋಡೆಗೆ ಇಟ್ಟರು. 1939ರ ಮೇ 1ರಂದು ನಡೆದ ಸಮಾರಂಭದಲ್ಲಿ ಡೆನ್ಮಾರ್ಕಿನ ಯುವರಾಜ ಮೂಲೆಗಲ್ಲನ್ನಿಟ್ಟರು, ರೂಸ್‌ವೆಲ್ಟರು ಮಾತನಾಡಿದರು. ಒಳಗೋಡೆಯ ಮೇಲೆ ಆಲಿನ್ ಡೌಸ್ ಎಂಬ ಕಲಾವಿದರು ಆ ಊರಿನ ಚರಿತ್ರೆಯನ್ನು ಚಿತ್ರಿಸಿದರು. ಹತ್ತಿರದ ಹೈಡ್ ಪಾರ್ಕಿನ ಅಂಚೆ ಕಚೇರಿಯೂ ಇದೇ ಬಗೆಯಲ್ಲಿ ಎದ್ದಿತು.

ಭಾರತದಲ್ಲಿಯೂ ಇಂತಹ ಯೋಚನೆ ಇಲ್ಲದಿರಲಿಲ್ಲ. 1913ರಲ್ಲಿ ಮುಗಿದ ಮುಂಬಯಿಯ ಪ್ರಧಾನ ಅಂಚೆ ಕಚೇರಿಯ ಗುಮ್ಮಟಕ್ಕೆ ವಿಜಾಪುರದ ಗೋಳಗುಮ್ಮಟವೇ ಮಾದರಿ. ವಾಸ್ತುಶಿಲ್ಪಿ ಜಾನ್ ಬೆಗ್ ಕನ್ನಡ ನಾಡಿನ ಆದಿಲ್‌ಶಾಹಿ ಕಟ್ಟಡವೊಂದರ ರೂಪವನ್ನು ಅರಬ್ಬೀ ಕಡಲ ದಂಡೆಗೆ ತಂದರು. ಕಾಗದ ಹಂಚುವ ಕಟ್ಟಡವೂ ನಾಡಿನ ಮುಖವಾಗಬಲ್ಲುದು ಎಂಬುದಕ್ಕೆ ಅದು ಸಾಕ್ಷಿ.

ಕೇಳಿ ಕಟ್ಟುವ ನಿಯಮ

ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಸಣ್ಣ ಊರುಗಳ ಕಟ್ಟಡಗಳೂ ಸಾಲದಾದುವು. ಲಾರಿ ನಿಲ್ಲಿಸಲು ಅಂಗಳವಿಲ್ಲ, ಪಾರ್ಸೆಲಿಗೆ ಕೋಣೆಯಿಲ್ಲ. ಎಷ್ಟೋ ಕಡೆ ಅಂಚೆ ಪೇಟೆಯ ನಡುವಿನಿಂದ ಹೊರವಲಯಕ್ಕೆ ಹೋಯಿತು. ಅಂಚೆ ಹೋದ ಪೇಟೆಯಲ್ಲಿ ಅಂಗಡಿಗಳಿಗೂ ಜನ ಕಡಿಮೆಯಾಗುತ್ತಾರೆ. ನಡೆದು ಬರುತ್ತಿದ್ದ ಮುದುಕರಿಗೆ ವಾಹನ ಬೇಕಾಗುತ್ತದೆ. ಊರಿನವರ ಅಸಮಾಧಾನದ ಹಿನ್ನೆಲೆಯಲ್ಲಿ 1998ರಲ್ಲಿ ಅಲ್ಲಿಯ ಅಂಚೆ ಸೇವೆ ಒಂದು ನಿಯಮ ಮಾಡಿತು. ಫೆಡರಲ್ ನಿಯಮಸಂಹಿತೆಯ 39ನೆಯ ಶೀರ್ಷಿಕೆಯಲ್ಲಿ 241.4 ಎಂಬ ಸಂಖ್ಯೆಯ ಆ ನಿಯಮದ ವಿಷಯವೇ ಅಂಚೆ ಕಚೇರಿಗಳ ವಿಸ್ತರಣೆ, ಸ್ಥಳಾಂತರ, ನಿರ್ಮಾಣ.

ನಿಯಮದ ಸಾರ ಸರಳವಾದುದು. ವಿಸ್ತರಣೆಯೋ ಸ್ಥಳಾಂತರವೋ ಬೇಕೆನಿಸಿದಾಗ ಅಧಿಕಾರಿಗಳು ಮೊದಲು ಊರಿನ ಚುನಾಯಿತ ಮುಖ್ಯಸ್ಥರಿಗೆ ತಿಳಿಸಬೇಕು. ಯೋಜನೆಯನ್ನು ಬಹಿರಂಗ ಸಭೆಯಲ್ಲಿ ಜನರ ಮುಂದಿಡಬೇಕು. ಲಿಖಿತ ಅಭಿಪ್ರಾಯಕ್ಕೆ ಕಾಲಾವಕಾಶ ಕೊಡಬೇಕು. ಅವನ್ನೆಲ್ಲ ಪರಿಶೀಲಿಸಿದ ಬಳಿಕ ತೀರ್ಮಾನ ಮಾಡಬೇಕು. ಅದರ ಮೇಲೆ ಮೇಲ್ಮನವಿಗೂ ಅವಕಾಶವಿರಬೇಕು. ಐತಿಹಾಸಿಕ ಕಟ್ಟಡವಾದರೆ 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯಿದೆಯ 106ನೆಯ ಪ್ರಕರಣದ ಪ್ರಕಾರ ಸಮಾಲೋಚನೆ ನಡೆಯಬೇಕು. ಜನರ ಅಭಿಪ್ರಾಯವೇ ಅಂತಿಮವೆಂದು ನಿಯಮ ಹೇಳುವುದಿಲ್ಲ, ತೀರ್ಮಾನ ಅಂಚೆಯದೇ. ನಿಯಮ ಇದ್ದೂ ಊರಿನವರು ಸೋತ ಸಂದರ್ಭಗಳಿವೆ. ಆದರೂ ನಕ್ಷೆ ಮುಗಿಯುವ ಮೊದಲು ಊರಿನವರ ಮಾತು ಕಡತದೊಳಗೆ ಸೇರುತ್ತದೆ ಎಂಬುದು ಸಣ್ಣ ವಿಷಯವಲ್ಲ. ಕಡತದಲ್ಲಿರುವ ಮಾತಿಗೆ ಉತ್ತರ ಕೊಡಬೇಕಾಗುತ್ತದೆ. ಜಗಲಿಯಲ್ಲಿ ಆಡಿದ ಮಾತು ಗಾಳಿಗೆ ಹೋಗುತ್ತದೆ.

ಹಳತು ಹೊಸತು ಕೂಡುವಲ್ಲಿ

ಹಳೆಯ ಕಟ್ಟಡಕ್ಕೆ ಹೊಸತನ್ನು ಸೇರಿಸುವಾಗ ಅನುಸರಿಸಬೇಕಾದ ತತ್ತ್ವಗಳನ್ನು ಜಗತ್ತಿನ ಸಂರಕ್ಷಣಾ ತಜ್ಞರು 1964ರ ವೆನಿಸ್ ಸನ್ನದಿನಲ್ಲಿ ಬರೆದಿಟ್ಟರು. ಸಮಾಜಕ್ಕೆ ಉಪಯುಕ್ತವಾದ ಕೆಲಸದಲ್ಲಿ ತೊಡಗಿಸುವುದರಿಂದ ಕಟ್ಟಡದ ರಕ್ಷಣೆ ಸುಲಭವಾಗುತ್ತದೆ ಎಂದು ಅದರ 5ನೆಯ ವಿಧಿ ಒಪ್ಪುತ್ತದೆ. ಸೇರ್ಪಡೆಯು ಕಟ್ಟಡದ ಮುಖ್ಯ ಭಾಗಗಳಿಗೂ ಸುತ್ತಲಿನ ನೆಲೆಗೂ ಕುಂದು ತರಬಾರದು ಎಂದು 13ನೆಯ ವಿಧಿ ಹೇಳುತ್ತದೆ. ಅಮೆರಿಕದ ಒಳಾಡಳಿತ ಖಾತೆಯ ಮಾನದಂಡಗಳು ಎರಡು ಮಾತು ಸೇರಿಸುತ್ತವೆ. ಹೊಸ ಭಾಗ ಹಳತಿಗೆ ಹೊಂದಬೇಕು, ಆದರೆ ಹೊಸತೆಂದು ತಿಳಿಯುವಂತಿರಬೇಕು. ಮುಂದೊಂದು ದಿನ ಹೊಸತನ್ನು ತೆಗೆದರೂ ಹಳತಿನ ಮೂಲರೂಪ ಕೆಡದಂತಿರಬೇಕು.

ಈ ತತ್ತ್ವಗಳನ್ನು ಮುರಕಲ್ಲಿನ ಗೋಡೆಗೆ ಅನ್ವಯಿಸಿ ನೋಡಿದರೆ ಅವು ಬರಿಯ ಸೌಂದರ್ಯದ ಮಾತಲ್ಲ, ಮನೆ ಕಟ್ಟಿದವರೆಲ್ಲ ಬಲ್ಲ ವ್ಯವಹಾರದ ಮಾತು ಎಂದು ತಿಳಿಯುತ್ತದೆ. ಸುಣ್ಣದ ಗಾರೆಯ ಹಳೆಯ ಗೋಡೆ ನೀರನ್ನು ಹೀರುತ್ತದೆ, ಬಿಸಿಲಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಮೆತ್ತಿದರೆ ಹೊಕ್ಕ ನೀರು ಹೊರಬರಲಾರದೆ ಗೋಡೆ ಒಳಗಿಂದ ಕೊಳೆಯುತ್ತದೆ. ಹಂಚಿನ ಮಾಡಿಗೆ ನೇರವಾಗಿ ಕಾಂಕ್ರೀಟಿನ ತಾರಸಿಯನ್ನು ಅಂಟಿಸಿದರೆ ಕೂಡುವ ಗೆರೆಯೇ ಸೋರುವ ಗೆರೆಯಾಗುತ್ತದೆ. ನೂರು ವರ್ಷದಿಂದ ಒತ್ತಿ ಕುಳಿತ ಹಳೆಯ ಅಡಿಪಾಯಕ್ಕೆ ಹೊಸ ಅಡಿಪಾಯವನ್ನು ಬೆಸೆದರೆ ಹೊಸತು ಕುಸಿದು ಕೂರುವಾಗ ಹಳೆಯ ಗೋಡೆ ಬಿರುಕು ಬಿಡುತ್ತದೆ. ಆದುದರಿಂದ ಹೊಸ ಕೋಣೆಗಳನ್ನು ಹಿತ್ತಿಲಿನಲ್ಲಿ, ಪ್ರತ್ಯೇಕ ಅಡಿಪಾಯದ ಮೇಲೆ, ಹಳೆಯ ಮಾಡಿಗಿಂತ ತಗ್ಗಾಗಿ ಕಟ್ಟಿ, ನಡುವೆ ಹಗುರವಾದ ಮಾಡಿನ ಓಣಿಯೊಂದರಿಂದ ಜೋಡಿಸುವುದು ವಿವೇಕದ ಕ್ರಮ. ಪಾರ್ಸೆಲು, ವಿಂಗಡಣೆ, ಕಡತಗಳು ಹಿಂದಕ್ಕೆ ಹೋಗಲಿ. ಜನ ಬರುವ ಕೌಂಟರುಗಳು ಮುಂದೆಯೇ ಇರಲಿ.

ಮುಂಭಾಗದಲ್ಲಿ ಆಗಲೇಬೇಕಾದ ಬದಲಾವಣೆ ಒಂದಿದೆ. ಹಳೆಯ ಕಚೇರಿಗಳ ಎತ್ತರದ ಕಟ್ಟೆ ಗಾಲಿಕುರ್ಚಿಯವರಿಗೂ ಮೊಣಕಾಲು ನೋವಿನ ಅಜ್ಜಿಯರಿಗೂ ಏರಲಾಗದ ಗೋಡೆಯಾಗಿದೆ. ಇಳಿಜಾರು ದಾರಿಗೆ ಒಪ್ಪಿತವಾದ ಅಳತೆ ಒಂದಕ್ಕೆ ಹನ್ನೆರಡು. 60 ಸೆಂಟಿಮೀಟರ್ ಎತ್ತರದ ಕಟ್ಟೆಗೆ 7.2 ಮೀಟರ್ ಉದ್ದದ ಇಳಿಜಾರು ಬೇಕು. ಅಷ್ಟು ಉದ್ದಕ್ಕೆ ಎದುರಿನಲ್ಲಿ ಜಾಗವಿಲ್ಲದಿದ್ದರೆ ಮಗ್ಗುಲಿನಲ್ಲಿ ಮಾಡಬಹುದು. ಮೆಟ್ಟಿಲಿನ ಮೇಲೆ ಹಲಗೆ ಇಟ್ಟು ಇಳಿಜಾರು ಎಂದು ಹೆಸರಿಟ್ಟರೆ ಅದು ಯಾರ ಉಪಯೋಗಕ್ಕೂ ಬಾರದು. ವಿಕಲಚೇತನರ ಹಕ್ಕುಗಳ 2016ರ ಕಾಯಿದೆಯ 45ನೆಯ ಪ್ರಕರಣ, ಇರುವ ಸಾರ್ವಜನಿಕ ಕಟ್ಟಡಗಳನ್ನೂ ಎಲ್ಲರೂ ಪ್ರವೇಶಿಸುವಂತೆ ಮಾಡಲು ಗಡುವು ಹಾಕಿದೆ. ಪರಂಪರೆಯ ಹೆಸರಿನಲ್ಲಿ ಇದನ್ನು ತಪ್ಪಿಸಲಾಗದು. ಇದರ ಹೆಸರಿನಲ್ಲಿ ಜಗಲಿಯನ್ನು ಒಡೆಯಬೇಕಾದುದೂ ಇಲ್ಲ.

ಈ ದೇಶದ ಕಾನೂನು

ಇಲ್ಲಿಯ ಕಾನೂನಿನಲ್ಲಿ ಅಂತಹ ಕಟ್ಟಡಕ್ಕೆ ರಕ್ಷಣೆಯಿದೆಯೇ ಎಂದರೆ, ನೇರವಾದ ರಕ್ಷಣೆ ಬಹಳ ಕಡಿಮೆ. ಪ್ರಾಚೀನ ಸ್ಮಾರಕಗಳ 1958ರ ಕಾಯಿದೆ ರಾಷ್ಟ್ರೀಯ ಮಹತ್ತ್ವದ್ದೆಂದು ಘೋಷಿತವಾದ, ನೂರು ವರ್ಷಕ್ಕೆ ಕಡಿಮೆಯಿಲ್ಲದ ಸ್ಮಾರಕಗಳಿಗೆ ಅನ್ವಯಿಸುತ್ತದೆ. ತಾಲೂಕು ಕೇಂದ್ರದ ಅಂಚೆ ಕಚೇರಿ ಆ ಪಟ್ಟಿಗೆ ಏರುವುದು ದುರ್ಲಭ. 1898ರ ಹಳೆಯ ಅಂಚೆ ಕಾಯಿದೆಯ ಜಾಗಕ್ಕೆ ಬಂದ, 2024ರ ಜೂನ್ 18ರಿಂದ ಜಾರಿಯಲ್ಲಿರುವ 2023ರ ಅಂಚೆ ಕಚೇರಿ ಕಾಯಿದೆ ಸೇವೆಗಳ ಬಗ್ಗೆ ಹೇಳುತ್ತದೆ, ಕಟ್ಟಡಗಳ ಸಂರಕ್ಷಣೆಯ ಬಗ್ಗೆ ಅಲ್ಲ. ತಮಿಳುನಾಡು 2012ರಲ್ಲಿ ಪರಂಪರೆ ಆಯೋಗದ ಕಾಯಿದೆ ಮಾಡಿದೆ. ಮುಂಬಯಿಯಲ್ಲಿ 1995ರಿಂದ ಪಾರಂಪರಿಕ ಕಟ್ಟಡಗಳ ಶ್ರೇಣೀಕೃತ ಪಟ್ಟಿಯ ನಿಯಮವಿದೆ. ಸಣ್ಣ ಪೇಟೆಗಳಿಗೆ ಅಂತಹ ಪಟ್ಟಿಗಳ ನೆರಳು ತಲುಪುವುದು ಕಷ್ಟ.

ಆದರೂ ಜನರ ಕೈ ಬರಿದಾಗಿಲ್ಲ. ನಾಡಿನ ಸಮ್ಮಿಶ್ರ ಸಂಸ್ಕೃತಿಯ ಪರಂಪರೆಯನ್ನು ಗೌರವಿಸಿ ಕಾಪಾಡುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು ಸಂವಿಧಾನದ 51ಎ(ಎಫ್) ವಿಧಿ ಹೇಳುತ್ತದೆ. ಕರ್ತವ್ಯವಿದ್ದವನಿಗೆ ವಿಚಾರಿಸುವ ಅಧಿಕಾರವೂ ಇರಬೇಕು. ಆ ಅಧಿಕಾರವನ್ನು 2005ರ ಮಾಹಿತಿ ಹಕ್ಕು ಕಾಯಿದೆ ಕೊಡುತ್ತದೆ. ಅದರ 4(1)(ಸಿ) ಉಪಪ್ರಕರಣದ ಪ್ರಕಾರ ಜನರನ್ನು ತಟ್ಟುವ ಮುಖ್ಯ ತೀರ್ಮಾನಗಳನ್ನು ಪ್ರಕಟಿಸುವಾಗ ಸಂಬಂಧಿಸಿದ ಎಲ್ಲ ಸಂಗತಿಗಳನ್ನೂ ಸಾರ್ವಜನಿಕ ಪ್ರಾಧಿಕಾರ ತಾನಾಗಿಯೇ ಬಹಿರಂಗಪಡಿಸಬೇಕು. 4(1)(ಡಿ)ಯ ಪ್ರಕಾರ ತೀರ್ಮಾನದ ಕಾರಣಗಳನ್ನು ಬಾಧಿತರಿಗೆ ತಿಳಿಸಬೇಕು. ಅಮೆರಿಕದ ನಿಯಮದಂತೆ ಸಭೆ ಕರೆಯಬೇಕೆಂಬ ಮಾತು ಇದರಲ್ಲಿಲ್ಲ. ಆದರೆ ನಕ್ಷೆ, ಅಂದಾಜು ವೆಚ್ಚ, ಕಟ್ಟಡದ ಸ್ಥಿತಿಯ ವರದಿ, ಬೇರೆ ದಾರಿಗಳನ್ನು ಪರಿಶೀಲಿಸಿದ ಟಿಪ್ಪಣಿ ಇವನ್ನು ಕೇಳಿ ಪಡೆಯಲು ಇದು ಸಾಕು. ಶುಲ್ಕ 10 ರೂಪಾಯಿ. ಉತ್ತರಕ್ಕೆ 30 ದಿನಗಳ ಅವಧಿ. ಆ 10 ರೂಪಾಯಿಯನ್ನು ಪೋಸ್ಟಲ್ ಆರ್ಡರಿನ ಮೂಲಕವೂ ಕಟ್ಟಬಹುದು.

ಫಲಕದ ಮೇಲಿನ ಕನ್ನಡ

ಕಟ್ಟಡದ ವಿಸ್ತರಣೆಯಲ್ಲಿ ಗಡಿನಾಡಿಗೆ ಮಾತ್ರ ಇರುವ ಅಪಾಯವೊಂದಿದೆ. ಹಳೆಯ ಗೋಡೆಗೆ ಬಣ್ಣ ಬಳಿಯುವಾಗ ಹಳೆಯ ಫಲಕ ಕೆಳಗಿಳಿಯುತ್ತದೆ. ಹೊಸ ಫಲಕ ಸಿದ್ಧವಾಗುವುದು ದೂರದ ಊರಿನಲ್ಲಿ. ಅಲ್ಲಿಯವರ ಮುಂದಿರುವ ಸೂತ್ರ ರಾಜ್ಯಭಾಷೆ, ಹಿಂದಿ, ಇಂಗ್ಲಿಷ್ ಎಂಬ ಮೂರು ಸಾಲಿನದು. ನಾಲ್ಕನೆಯ ಸಾಲಿಗೆ ಜಾಗವಿಲ್ಲವೆಂದು ಯಾರೂ ದ್ವೇಷದಿಂದ ತೀರ್ಮಾನಿಸಬೇಕಾಗಿಲ್ಲ; ಯಾರೂ ನೆನಪಿಸದಿದ್ದರೆ ಸಾಕು, ಕನ್ನಡ ಇಲ್ಲವಾಗುತ್ತದೆ. ಒಂದು ಸಲ ಇಳಿದ ಅಕ್ಷರವನ್ನು ಮತ್ತೆ ಏರಿಸುವುದಕ್ಕೆ ವರ್ಷಗಟ್ಟಲೆ ಮನವಿ ಬರೆಯಬೇಕಾಗುತ್ತದೆ.

ಇಲ್ಲಿ ಕಾನೂನಿನ ಸ್ಥಿತಿಯನ್ನು ಸ್ಪಷ್ಟವಾಗಿ ತಿಳಿಯುವುದು ಒಳ್ಳೆಯದು. ಕೇರಳದ 1969ರ ಅಧಿಕೃತ ಭಾಷೆಗಳ ಕಾಯಿದೆ ಕನ್ನಡ, ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲಿ ವ್ಯವಹರಿಸುವ ಅವಕಾಶ ಕೊಟ್ಟಿದೆ. ಆದರೆ ಅದು ರಾಜ್ಯ ಸರಕಾರದ ಕಚೇರಿಗಳಿಗೆ ಸಂಬಂಧಿಸಿದುದು. ಅಂಚೆ ಕೇಂದ್ರ ಸರಕಾರದ್ದು. ಭಾಷಾ ಅಲ್ಪಸಂಖ್ಯಾತರ ರಕ್ಷಣೆಗಾಗಿ 1956ರಲ್ಲಿ ಮಾಡಿದ ಜ್ಞಾಪನದಲ್ಲಿ, ಅಲ್ಪಸಂಖ್ಯಾತರು ಶೇಕಡ 15ರಿಂದ 20ರಷ್ಟು ಇರುವ ಪ್ರದೇಶದಲ್ಲಿ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿಯೂ ಬರಬೇಕೆಂಬ ಆಶಯವಿದೆ. ಅದು ಒಪ್ಪಂದದ ಸ್ವರೂಪದ್ದು. ಕೋರ್ಟಿಗೆ ಹೋಗಿ ಜಾರಿ ಮಾಡಿಸುವ ಕಾಯಿದೆಯಷ್ಟು ಬಲ ಅದಕ್ಕಿಲ್ಲ.

ಸಂವಿಧಾನದ 350ನೆಯ ವಿಧಿ ಮಾತ್ರ ಗಟ್ಟಿಯಾಗಿ ನಿಂತಿದೆ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಕೇಂದ್ರದಲ್ಲಿ ಅಥವಾ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕು ಪ್ರತಿಯೊಬ್ಬನಿಗೂ ಇದೆ. ಮಾಹಿತಿ ಹಕ್ಕಿನ ಅರ್ಜಿಯನ್ನು ಇಂಗ್ಲಿಷ್, ಹಿಂದಿ ಅಥವಾ ಆ ಪ್ರದೇಶದ ಅಧಿಕೃತ ಭಾಷೆಯಲ್ಲಿ ಬರೆಯಬೇಕೆಂದು ಆ ಕಾಯಿದೆ ಹೇಳುತ್ತದೆ. ಕುಂದುಕೊರತೆಯ ಮನವಿಗೆ ಅಂತಹ ಕಟ್ಟಿಲ್ಲ. ಆದುದರಿಂದ ಮಾಹಿತಿ ಕೇಳುವ ಅರ್ಜಿ ಬೇರೆ, ಅಹವಾಲಿನ ಮನವಿ ಬೇರೆ ಎಂಬ ಭೇದವನ್ನು ಮರೆಯಬಾರದು. ಅಂಚೆಯ ಫಲಕದಲ್ಲಿ ಕನ್ನಡ ಉಳಿಯಲಿ ಎಂಬ ಮನವಿಯನ್ನು ಕನ್ನಡದಲ್ಲಿಯೇ ಬರೆಯಬಹುದು. ಅದಕ್ಕೆ ಕಿವಿಗೊಡದಿದ್ದರೆ 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ನೇಮಕವಾಗುವ ವಿಶೇಷ ಅಧಿಕಾರಿಗೂ ಪ್ರತಿ ಕಳುಹಿಸಬಹುದು.

ಅಡಿಪಾಯಕ್ಕೆ ಮೊದಲು

ಊರಿನ ಅಂಚೆ ಕಚೇರಿಯ ವಿಸ್ತರಣೆಯ ಸುದ್ದಿ ಬಂದಾಗ ಶಾಲೆಯ ರಕ್ಷಕ ಶಿಕ್ಷಕ ಸಂಘ ಒಂದು ಪುಟದ ಮನವಿ ಬರೆದರೆ ಸಾಕು. ಅದರಲ್ಲಿ ವಿರೋಧದ ಧ್ವನಿಗಿಂತ ಸಹಕಾರದ ಧ್ವನಿ ಇರಲಿ. ಖಾಲಿ ಕೋಣೆಗಳ ಲೆಕ್ಕ ಆಗಿದೆಯೇ; ಹೊಸ ಭಾಗ ಹಿತ್ತಿಲಿಗೆ ಬರುವುದೇ; ಹಳೆಯ ಗೋಡೆಗೆ ಸುಣ್ಣದ ಗಾರೆಯನ್ನೇ ಬಳಸುವಿರೇ; ಇಳಿಜಾರಿನ ಅಳತೆ ಎಷ್ಟು; ಕೆಲಸ ನಡೆಯುವ ತಿಂಗಳುಗಳಲ್ಲಿ ಉಳಿತಾಯ, ಆಧಾರ್ ಕೌಂಟರುಗಳು ಎಲ್ಲಿರುತ್ತವೆ; ಹೊಸ ಫಲಕದಲ್ಲಿಯೂ ಅರ್ಜಿ ತುಂಬುವ ಮೇಜಿನ ಸೂಚನೆಗಳಲ್ಲಿಯೂ ಕನ್ನಡ ಇರುವುದೇ ಎಂಬ ಆರು ಪ್ರಶ್ನೆಗಳನ್ನು ನಂಬರು ಹಾಕಿ ಕೇಳಬೇಕು. ಟೆಂಡರು ಕರೆದ ಮೇಲೆ ನಕ್ಷೆ ಬದಲಿಸುವುದು ಅಧಿಕಾರಿಗಳಿಗೂ ಕಷ್ಟ; ಮನವಿ ಅದಕ್ಕೆ ಮೊದಲೇ ತಲುಪಬೇಕು.

ಮಕ್ಕಳಿಗೂ ಇದರಲ್ಲಿ ಕೆಲಸವಿದೆ. ಟೇಪು ಹಿಡಿದು ಜಗಲಿಯನ್ನೂ ಕಂಬಗಳನ್ನೂ ಅಳೆದು ಅಳತೆಗೆ ತಕ್ಕ ಚಿತ್ರ ಬರೆಯುವುದು ಗಣಿತದ ಒಳ್ಳೆಯ ಪಾಠ. ನಾಲ್ಕು ಲಿಪಿಯ ಫಲಕದ ಛಾಯಾಚಿತ್ರವನ್ನು ದಿನಾಂಕ ಸಹಿತ ಶಾಲೆಯ ಕಪಾಟಿನಲ್ಲಿ ಇರಿಸಿದರೆ ಅದು ಮುಂದೆ ಸಾಕ್ಷ್ಯವಾದೀತು. ನಿವೃತ್ತ ಅಂಚೆಯವರಿಂದ ಹಳೆಯ ದಿನಗಳ ವಿವರ ಕೇಳಿ ಬರೆದುಕೊಂಡರೆ ಕನ್ನಡದ ತರಗತಿಗೆ ಪ್ರಬಂಧವಾದೀತು. ಅಂಚೆ ಇಲಾಖೆ ನಡೆಸುವ ‘ಢಾಯಿ ಆಖರ್’ ಪತ್ರಲೇಖನ ಸ್ಪರ್ಧೆಗೆ ಸ್ಥಳೀಯ ಭಾಷೆಗಳಲ್ಲಿಯೂ ಬರೆಯುವ ಅವಕಾಶವಿದೆ. ಊರಿನ ಮುಖ್ಯ ಕಟ್ಟಡಗಳ ಚಿತ್ರವುಳ್ಳ ಶಾಶ್ವತ ಚಿತ್ರಮುದ್ರೆಗಳನ್ನು ಇಲಾಖೆ ಅನೇಕ ಊರುಗಳಲ್ಲಿ ಇರಿಸಿದೆ. ವಿಸ್ತರಣೆಯ ಸಂದರ್ಭದಲ್ಲಿ ತಮ್ಮ ಊರಿನ ಅಂಚೆಮನೆಗೂ ಅಂತಹ ಮುದ್ರೆ ಬರಲಿ ಎಂದು ಮಕ್ಕಳೇ ಕೇಳಬಹುದು.

ಆ ಮನವಿಯನ್ನು ಕೈಯಲ್ಲಿ ಕೊಟ್ಟು ಬರುವುದಕ್ಕಿಂತ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸುವುದು ಮೇಲು. ತಲುಪಿದುದಕ್ಕೆ ದಾಖಲೆಯಿರುತ್ತದೆ. ಲಕೋಟೆಯ ಮೇಲೆ ವಿಳಾಸವನ್ನು ಕನ್ನಡದಲ್ಲಿ ಬರೆದು, ಅಧಿಕಾರಿಯ ಊರು ದೂರದ್ದಾದರೆ ಕೆಳಗೆ ಇಂಗ್ಲಿಷಿನಲ್ಲಿಯೂ ಬರೆದು, ಪಿನ್ ಕೋಡಿನ ಆರು ಅಂಕಿಗಳನ್ನು ಸ್ಪಷ್ಟವಾಗಿ ನಮೂದಿಸಿ, ಊರಿನ ಹಳೆಯ ಅಂಚೆಮನೆಯ ಕೌಂಟರಿನಲ್ಲಿಯೇ ಕೊಟ್ಟು ರಸೀದಿ ಪಡೆದುಕೊಳ್ಳಬೇಕು.